ಜಾಲಿಯಲ್ಲಿ ಒಂದು ಹಾಫ್

ಬಾಯಿಗೆ ದೇವರು ಎರಡು ಕೆಲಸ ಕೊಟ್ಟಿದ್ದಾನೆ, ತಿನ್ನುವುದು ಮತ್ತು ಮಾತನಾಡುವುದು. ಎರಡನ್ನೂ ಒಂದೇ ಅಂಗಕ್ಕೆ ವಹಿಸಿದ್ದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ತಿಂದು ಕೆಟ್ಟವರಿಗೆ ಕಷಾಯ ಇದೆ, ಒಂದು ದಿನ ಗಂಜಿ ಕುಡಿದರೆ ಸರಿಹೋಗುತ್ತದೆ. ಆಡಿ ಕೆಟ್ಟವರಿಗೆ ಔಷಧಿಯಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಮುತ್ತು ಇಲ್ಲವಾದ್ದರಿಂದ ನನಗೆ ಆದ ನಷ್ಟವೆಲ್ಲ ಮಾತಿನ ಬಾಬ್ತಿನದು. ಸ್ವಭಾವದಲ್ಲಿ ನಾನು ಪುಕ್ಕಲ. ಕುಮಟಾದಲ್ಲಿ ಒಂದು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಸಂಜೆ ಶಟರ್ ಎಳೆದು, ಬೀಗ ಹಾಕಿ, ಬೀಗ ಜಗ್ಗಿ ನೋಡಿ, ಮನೆಗೆ ಅರ್ಧ ದಾರಿ ಹೋಗಿ, ವಾಪಸು ಬಂದು ಇನ್ನೊಮ್ಮೆ ಜಗ್ಗಿ ನೋಡುವ ಜಾತಿ ನನ್ನದು. ಇಂಥವನು ಬಡಾಯಿ ಕೊಚ್ಚಬಾರದು. ಆದರೆ ಫೋನಿನಲ್ಲಿ ಮುಂಬಯಿಯ ಭಾವ ಸಿಕ್ಕಿದರೆ ಎಲ್ಲಿಂದಲೋ ಒಂದು ಧೈರ್ಯ ಬರುತ್ತದೆ. ಫೋನು ಇಟ್ಟ ಕೂಡಲೇ ಹೋಗುತ್ತದೆ.

ಭಾವ ಎಂದರೆ ನನ್ನ ಹೆಂಡತಿ ಸುಜಾತಳ ಅಣ್ಣ. ನಾನು ಅವರಿಗೆ ಭಾವ, ಅವರೂ ನನಗೆ ಭಾವ. ಸಂಬಂಧ ಮಾತ್ರ ಸಮಸಮ, ಉಳಿದದ್ದರಲ್ಲೆಲ್ಲ ಅವರದು ಒಂದು ಕೈ ಮೇಲೆ. ಅವತ್ತು ಅವರು ಮಗನ ಹುಟ್ಟುಹಬ್ಬಕ್ಕೆ ಹೋಗಿ ತಿಂದು ಬಂದ ಊಟದ ವರ್ಣನೆ ಮಾಡುತ್ತಿದ್ದರು. "ಟೇಬಲ್ಲಿನ ನಡುವೆಯೇ ಕೆಂಡ ಇರ್ತದೆ ಭಾವ. ಕಡ್ಡಿಗೆ ಚುಚ್ಚಿದ ಸಿಗಡಿ, ಕೋಳಿ, ಸಾಕು ಅನ್ನೋವರೆಗೆ ತರ್ತಾನೇ ಇರ್ತಾರೆ. ಬಾರ್ಬೆಕ್ಯೂ ಅಂತ ಹೆಸರು. ನಿಮ್ಮ ಕಡೆ ಅದೆಲ್ಲ ಎಲ್ಲಿಂದ ಬರಬೇಕು ಬಿಡಿ."

ಆ "ಬಿಡಿ" ನನಗೆ ತಾಗಿತು. "ಅದೇನು ಮಹಾ ಭಾವ! ನಮ್ಮ ಹೊನ್ನಾವರ, ಭಟ್ಕಳದ ಕಡೆ ನನಗೆ ಗೊತ್ತಿರೋ ಒಂದು ಜಾಗ ಇದೆ. ಅಲ್ಲಿ ಒಂದ್ಸಲ ತಿಂದರೆ ಮುಂಬಯಿದನ್ನ ನೀವು ಮೂಸಿ ಸಹ ನೋಡೋದಿಲ್ಲ" ಎಂದುಬಿಟ್ಟೆ.

"ಹೌದಾ? ಹಾಗಾದರೆ ಈ ಆದಿತ್ಯವಾರ ಬಂದೇಬಿಡ್ತೇವೆ. ಮಕ್ಕಳಿಗೂ ರಜೆ."

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ದಿನ ಗೊತ್ತಾಯಿತು, ಜನ ಗೊತ್ತಾಯಿತು, ಕೋಳಿ ನಾನೇ ಎಂಬುದೂ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಆ ಜಾಗ ಒಂದೇ. ನನ್ನ ಜನ್ಮದಲ್ಲಿ ನಾನು ಬಾರ್ಬೆಕ್ಯೂ ತಿಂದವನಲ್ಲ.

ಸುಜಾತಾ ಅಡುಗೆಮನೆಯಿಂದ ತಲೆ ಹೊರಗೆ ಹಾಕಿದಳು. "ಗೊತ್ತಿರೋ ಜಾಗ? ನಿಮಗೆ?" ಎಂದಳು. ಅಷ್ಟೇ. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಿಂದೊಮ್ಮೆ ಹೀಗೇ ಭಾವನ ಸಂಸಾರವನ್ನು ಉರಿಬಿಸಿಲಿನಲ್ಲಿ ಒಂದು ಪ್ರಖ್ಯಾತ ಮೀನೂಟದ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಆ ಹೋಟೆಲು ಮುಚ್ಚಿ ಅಲ್ಲಿ ಮಿಕ್ಸರ್, ಫ್ಯಾನ್ ಮಾರುವ ಅಂಗಡಿ ಬಂದಿತ್ತು. "ನಮ್ಮ ಭಾವ ಬಂಗಡೆ ತಿನ್ನಿಸ್ತೇನೆ ಅಂತ ಕರ್ಕೊಂಡು ಹೋಗಿ ಟೇಬಲ್ ಫ್ಯಾನ್ ತೋರಿಸಿದ್ರು" ಎಂಬ ಕಥೆಯನ್ನು ಭಾವ ಆಮೇಲೆ ಯಾವ ಮದುವೆಯ ಪಂಕ್ತಿಯಲ್ಲೂ ಹೇಳದೆ ಬಿಟ್ಟಿಲ್ಲ. ನನಗೆ ಪರಿಚಯವೇ ಇಲ್ಲದ ನೆಂಟರು ಕೈಕುಲುಕಿ, "ಓ, ಟೇಬಲ್ ಫ್ಯಾನ್!" ಎನ್ನುತ್ತಾರೆ. ಇಂಥದೇ ಇನ್ನೊಂದು ಕಥೆ ಭಾವನಿಗೆ ಸಿಕ್ಕಿದರೆ ನಾನು ನೆಂಟರ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಆದಿತ್ಯವಾರದೊಳಗೆ ಒಂದು ಬಾರ್ಬೆಕ್ಯೂ ಹುಡುಕಲೇಬೇಕಾಗಿತ್ತು.

ಬುಧವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿ ಸ್ಕೂಟರು ಹೊರಗೆ ತೆಗೆದೆ. ಭಟ್ಕಳದಲ್ಲಿ ಒಬ್ಬರಿಗೆ ಕನ್ನಡಕ ತಲುಪಿಸಬೇಕು ಎಂದು ಹೆಂಡತಿಗೆ ಹೇಳಿದೆ. "ಆತು, ಹೋಗ್ಬನ್ನಿ. ಸಿಕ್ಕಿದ ಕಡೆಯೆಲ್ಲ ತಿಂದು ನೋಡ್ಬೇಡಿ, ಹೊಟ್ಟೆ ಇರೋದು ಒಂದೇ" ಎಂದಳು. ಇಷ್ಟು ವರ್ಷದಲ್ಲಿ ನನ್ನ ಒಂದು ಸುಳ್ಳೂ ಅವಳ ಹತ್ತಿರ ಹೊಸ್ತಿಲು ದಾಟಿದ್ದಿಲ್ಲ.

ಒಂಟಿಯಾಗಿ ಹೆದ್ದಾರಿಯಲ್ಲಿ ಹೋಗುವುದು ಬಹಳ ಸುಖ ಎಂದು ಹೇಳುವವರನ್ನು ನಾನು ನೋಡಿದ್ದೇನೆ. ಅವರಿಗೆ ಹಿಂದಿನಿಂದ ಬರುವ ಮೀನಿನ ಲಾರಿ ಕಾಣಿಸುವುದಿಲ್ಲವೇನೋ. ನನಗೆ ಕನ್ನಡಿಯಲ್ಲಿ ಅದೊಂದೇ ಕಾಣುತ್ತಿತ್ತು. ರಸ್ತೆ ಅಗಲವಾದದ್ದು ನಿಜ, ಆದರೆ ನಡುನಡುವೆ ಎಡಕ್ಕೆ ಹೋಗಿ ಎಂದು ಬಾಣ ಬರೆದ ತಗಡು ನಿಲ್ಲಿಸಿರುತ್ತಾರೆ, ಎಡಕ್ಕೆ ಹೋದರೆ ಜಲ್ಲಿಯ ರಾಶಿ ಇರುತ್ತದೆ. ಹೊನ್ನಾವರ ಮುಟ್ಟುವಷ್ಟರಲ್ಲಿ ಪೆಟ್ರೋಲು ಸಾಲುತ್ತದೋ ಇಲ್ಲವೋ ಎಂದು ಮುಳ್ಳು ನೋಡಿ ನೋಡಿ ಕುತ್ತಿಗೆ ಹಿಡಿಯಿತು. ಟ್ಯಾಂಕು ತುಂಬಿಸಿಯೇ ಹೊರಟಿದ್ದೆ.

ಹೊನ್ನಾವರದಲ್ಲಿ ಒಂದು ಹೋಟೆಲಿನ ಹೊರಗೆ ದೊಡ್ಡದಾಗಿ ಬಾರ್ಬೆಕ್ಯೂ ಎಂದು ಬರೆದಿತ್ತು. ಹುಡುಕಾಟ ಇಷ್ಟು ಬೇಗ ಮುಗಿಯಿತೇ ಎಂದು ಸಂತೋಷಕ್ಕಿಂತ ಹೆಚ್ಚಾಗಿ ಅನುಮಾನವಾಯಿತು. ಬಂದದ್ದು ಕುಂಕುಮದ ಭರಣಿಯಲ್ಲಿ ಬಿದ್ದು ಎದ್ದು ಬಂದಂತಿದ್ದ ಒಂದು ಕೋಳಿಕಾಲು. ಮೇಲೆ ಬಿಸಿ, ಒಳಗೆ ತಂಪು. "ಇದು ತಂದೂರಿ ಅಲ್ವಾ?" ಎಂದು ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತವರನ್ನು ಕೇಳಿದೆ. "ಎರಡೂ ಒಂದೇ ಮಾರಾಯ್ರೆ. ಈಗ ಜನ ಬಾರ್ಬೆಕ್ಯೂ ಕೇಳ್ತಾರೆ, ಹಾಗಾಗಿ ಹೆಸರು ಬದ್ಲು ಮಾಡಿದ್ದು" ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಭಾವನ ಮುಖ ಕಣ್ಣೆದುರು ಬಂತು. ಶರಾವತಿ ಸೇತುವೆ ದಾಟುವಾಗ ಎಲ್ಲರೂ ನದಿ ನೋಡಿ ಆನಂದಪಡುತ್ತಾರಂತೆ. ನಾನು ಹೆಲ್ಮೆಟ್ಟು ಗಾಳಿಗೆ ಹಾರಿಹೋಗದಂತೆ ಗಲ್ಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ದಾಟಿದೆ.

ಮುಂದೆ ಹೆಸರಿನ ಹಿಂದೆ ಹೋಗಬಾರದು, ಹೊಗೆಯ ಹಿಂದೆ ಹೋಗಬೇಕು ಎಂದು ನಿಶ್ಚಯಿಸಿದೆ. ಕೆಂಡವಿಲ್ಲದೆ ಹೊಗೆಯಿಲ್ಲವಷ್ಟೆ. ಮಂಕಿಯ ಹತ್ತಿರ ತೆಂಗಿನ ತೋಟದ ಮೇಲೆ ದಟ್ಟವಾಗಿ ಹೊಗೆ ಎದ್ದಿತ್ತು. ಆಸೆಯಿಂದ ಒಳದಾರಿಗೆ ತಿರುಗಿಸಿದೆ. ಒಬ್ಬ ಹೆಂಗಸು ಒಣಗಿದ ಗರಿ, ಕಸ ಒಟ್ಟು ಹಾಕಿ ಬೆಂಕಿ ಕೊಡುತ್ತಿದ್ದಳು. "ಎಂತ ಬೇಕಾಗಿತ್ತು?" ಎಂದು ಕೇಳಿದಳು. ಏನೆಂದು ಹೇಳಲಿ? "ಹೊಗೆ ಕಾಣಿಸ್ತು, ಹಾಗೆ ಬಂದೆ" ಎಂದೆ. ಅವಳು ನನ್ನನ್ನು ಪಂಚಾಯತಿಯವನೆಂದು ತಿಳಿದಳು. "ನಮ್ಮ ಕಸ ನಾವು ಸುಟ್ಟರೆ ನಿಮಗೆ ಎಂತ ತೊಂದ್ರೆ? ಚರಂಡಿ ಬಗ್ಗೆ ಅರ್ಜಿ ಕೊಟ್ಟಾಗ ಬರಲಿಲ್ಲ, ಹೊಗೆ ಬಂದ ಕೂಡ್ಲೆ ಬಂದ್ರಿ!" ಎಂದು ಬೆನ್ನಟ್ಟಿದಳು. ಚರಂಡಿಯ ವಿಷಯ ಮೇಲಿನವರಿಗೆ ತಿಳಿಸುತ್ತೇನೆ ಎಂದು ಒಪ್ಪಿಕೊಂಡು ತಪ್ಪಿಸಿಕೊಂಡೆ. ನೋಡಿ, ಅಲ್ಲಿಯೂ ಬಾಯಿ ಸುಮ್ಮನಿರಲಿಲ್ಲ.

ಭಟ್ಕಳದ ಪಕ್ಕದ ಊರು ಜಾಲಿ ತಲುಪಿದಾಗ ಬಿಸಿಲು ಇಳಿದಿತ್ತು. ಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಆ ವಾಸನೆ ಬಂತು. ಇದ್ದಿಲ ಮೇಲೆ ಕೊಬ್ಬು ತೊಟ್ಟಿಕ್ಕಿದಾಗ ಬರುವ, ಹೊಟ್ಟೆ ತುಂಬಿದವನನ್ನೂ ನಿಲ್ಲಿಸುವ ವಾಸನೆ. ಗೇಟು ತೆರೆದಿತ್ತು. ಅಂಗಳದಲ್ಲಿ ಬಣ್ಣದ ಬಲ್ಬುಗಳ ಸರ, ಪ್ಲಾಸ್ಟಿಕ್ ಮೇಜು ಕುರ್ಚಿಗಳು, ಹೊರಗೆ ಸಾಲು ಬೈಕುಗಳು. ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಒಲೆಯ ಮುಂದೆ ಏಪ್ರನ್ ಕಟ್ಟಿಕೊಂಡ ಒಬ್ಬರು ಕೋಳಿ ಮಗುಚುತ್ತಿದ್ದರು. ಬೋರ್ಡು ಮಾತ್ರ ಇರಲಿಲ್ಲ. ಹೊಸ ಹೋಟೆಲು, ಇನ್ನೂ ಬರೆಸಿಲ್ಲ ಎಂದುಕೊಂಡು ಒಂದು ಮೇಜು ಹಿಡಿದು ಕುಳಿತೆ. "ಒಂದು ಹಾಫ್" ಎಂದೆ.

ಏಪ್ರನ್ನಿನವರು ನನ್ನನ್ನು ಒಂದು ಕ್ಷಣ ನೋಡಿದರು. "ಹಾಫ್ ಎಂತಕ್ಕೆ? ಫುಲ್ ತಿನ್ನಿ" ಎಂದರು. ಇವರ ವ್ಯಾಪಾರದ ಬುದ್ಧಿ ನನಗೆ ತಿಳಿಯದೇ? "ಬೇಡ, ಹಾಫ್ ಸಾಕು" ಎಂದು ಬಿಗಿಯಾಗಿ ಹೇಳಿದೆ. ಮೇಜಿನ ಮೇಲೆ ಸ್ವಲ್ಪ ಸಾರು ಚೆಲ್ಲಿತ್ತು. ಪಕ್ಕದಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಸುಮ್ಮನೆ ಕುಳಿತಿದ್ದರು. "ಇದನ್ನ ಸ್ವಲ್ಪ ಒರೆಸಿ" ಎಂದು ಅವರಿಗೆ ಹೇಳಿದೆ. ಅವರು ಎದ್ದು ಒರೆಸಿದರು.

ಕೋಳಿ ಬಂತು. ಅದರ ರುಚಿಯನ್ನು ನಾನು ವರ್ಣಿಸುವುದಿಲ್ಲ, ನನ್ನ ವರ್ಣನೆಗಳು ಎಲ್ಲಿಗೆ ಮುಟ್ಟುತ್ತವೆ ಎಂದು ನಿಮಗೆ ಗೊತ್ತಾಗಿದೆ. ಚರ್ಮ ಗರಿಗರಿ, ಒಳಗೆ ಮೆತ್ತಗೆ, ಎಲುಬಿನವರೆಗೆ ಉಪ್ಪು, ಹುಳಿ, ಮೆಣಸು ಇಳಿದಿತ್ತು ಎಂದಷ್ಟೇ ಹೇಳಿದರೆ ಸಾಕು. ಮೂರು ದಿನದಿಂದ ಎದೆಯ ಮೇಲೆ ಕುಳಿತಿದ್ದ ಭಾವ ಕೆಳಗೆ ಇಳಿದರು. ಉತ್ಸಾಹದಲ್ಲಿ ಏಪ್ರನ್ನಿನವರನ್ನು ಕರೆದು, "ಆದಿತ್ಯವಾರ ಆರು ಜನ ಬರ್ತೇವೆ. ಒಂದು ಒಳ್ಳೆ ಟೇಬಲ್ ಹಿಡಿದಿಡಿ. ಜನ ಜಾಸ್ತಿ ಇದೆ, ಸ್ವಲ್ಪ ಕಮ್ಮಿ ಮಾಡಿಕೊಡಬೇಕು" ಎಂದೆ. "ಮಾಡುವ, ಮಾಡುವ" ಎಂದರು ಅವರು. ಒಳ್ಳೆಯ ಮನುಷ್ಯ, ವ್ಯಾಪಾರದಲ್ಲಿ ಮೇಲೆ ಬರುತ್ತಾನೆ ಎಂದುಕೊಂಡೆ. ಕೈತೊಳೆದು ಬಂದು, ಪಾಕೀಟು ತೆಗೆದು, "ಎಷ್ಟಾತು?" ಎಂದೆ.

"ಎಂತ ಎಷ್ಟು?"

"ಬಿಲ್ಲು."

ಮಕ್ಕಳು ಮೊದಲು ನಕ್ಕರು. ಆಮೇಲೆ ಅಂಗಳವೆಲ್ಲ ನಕ್ಕಿತು. ಕಿಟಕಿಯ ಪರದೆಯ ಹಿಂದಿನಿಂದಲೂ ನಗು ಕೇಳಿಸಿತು. "ಇದು ಮನೆ ಅಲ್ವಾ ಸರ್" ಎಂದರು ಏಪ್ರನ್ನಿನವರು. ಅವರ ಹೆಸರು ಇರ್ಫಾನ್. ದುಬೈಯಿಂದ ರಜೆಯಲ್ಲಿ ಬಂದಿದ್ದರು, ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದಿದ್ದರು. ನನ್ನ ಮೇಜು ಒರೆಸಿದವರು ಅವರ ಹೆಂಡತಿಯ ತಂದೆ.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನಾನು ನಿಜವಾಗಿ ಕೆಳಗೆ ನೋಡಿದೆ. ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಅಂಗಳ, ಬಿಡುವ ಲಕ್ಷಣ ಇರಲಿಲ್ಲ. ಹಿರಿಯರ ಎದುರು ಕೈಮುಗಿದು ನಿಂತೆ. ಅವರು ನನ್ನ ಭುಜ ಹಿಡಿದು ಕೂರಿಸಿ, ಊರು ಯಾವುದು, ಕೆಲಸ ಏನು ಎಂದು ಕೇಳಿದರು. ಕುಮಟಾದಲ್ಲಿ ಕನ್ನಡಕದ ಅಂಗಡಿ ಎನ್ನದೆ ವಿಧಿಯಿರಲಿಲ್ಲ. ಆಗ ಎದ್ದ ನಗುವಿನ ಮುಂದೆ ಮೊದಲಿನ ನಗು ಏನೂ ಅಲ್ಲ. ಹಿರಿಯರು ತಮ್ಮ ಕನ್ನಡಕ ತೆಗೆದು ನನ್ನ ಕೈಯಲ್ಲಿಟ್ಟು, "ಹೋಗುವಾಗ ಇದನ್ನ ಹಾಕ್ಕೊಂಡು ಹೋಗಿ, ದಾರಿಯಲ್ಲಿ ಇನ್ನೂ ತುಂಬ ಮನೆ ಉಂಟು" ಎಂದರು.

ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ, ಟೇಬಲ್ ಫ್ಯಾನಿನ ಸಮೇತ. ಆದಿತ್ಯವಾರದ ಮಾತು ಮರೆತುಬಿಡಿ ಎಂದು ಬೇಡಿಕೊಂಡೆ. ಇರ್ಫಾನ್ ಭಾಯಿ ತಲೆ ಅಲ್ಲಾಡಿಸಿದರು. "ಅದು ಆಗುದಿಲ್ಲ. ಬುಕಿಂಗ್ ಆದ ಮೇಲೆ ಕ್ಯಾನ್ಸಲ್ ಇಲ್ಲ. ನಮ್ಮ ಹೋಟ್ಲಿನ ರೂಲು."

ಮನೆಗೆ ಬಂದು ಸುಜಾತಳಿಗೂ ಹೇಳಿದೆ, ಹೇಳದಿದ್ದರೂ ಅವಳು ಹೇಳಿಸುತ್ತಿದ್ದಳು. ಅವಳು ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಕರೆದಿದ್ದಾರಲ್ಲ, ಹೋಗುವ. ಬರಿಗೈಲಿ ಮಾತ್ರ ಬೇಡ" ಎಂದು ನಮ್ಮ ಕುಮಟಾದ ಸಿಹಿ ಈರುಳ್ಳಿಯ ಎರಡು ದೊಡ್ಡ ಗೊಂಚಲು ತರಿಸಿದಳು. ಗುರುವಾರದಿಂದ ಶನಿವಾರದವರೆಗೆ ನಾನು ನಿದ್ದೆ ಮಾಡಲಿಲ್ಲ. ಭಾವನಿಗೆ ನಿಜ ಹೇಳುವುದೇ ಸರಿ ಎಂದು ಬೆಳಿಗ್ಗೆ ಅನಿಸುತ್ತಿತ್ತು, ಸಂಜೆಯ ಹೊತ್ತಿಗೆ ಮದುವೆಯ ಪಂಕ್ತಿ ನೆನಪಾಗುತ್ತಿತ್ತು.

ಆದಿತ್ಯವಾರ ಭಾವ ಜಾಲಿಯ ಅಂಗಳದಲ್ಲಿ ಕಾರಿನಿಂದ ಇಳಿದು ಸುತ್ತ ನೋಡಿದರು. "ಬೋರ್ಡಿಲ್ಲ ನೋಡಿ. ನಿಜವಾದ ಒಳ್ಳೆ ಹೋಟೆಲಿನ ಲಕ್ಷಣ ಇದು" ಎಂದರು. ನಾನು ಕೆಮ್ಮಿದೆ. ಇರ್ಫಾನ್ ಭಾಯಿ ಏಪ್ರನ್ ಕಟ್ಟಿಕೊಂಡು ಗಂಭೀರವಾಗಿ ಆರ್ಡರು ತೆಗೆದುಕೊಂಡರು. ಹಿರಿಯರು ಭುಜದ ಮೇಲೆ ಒಂದು ಒರೆಸುವ ಬಟ್ಟೆ ಹಾಕಿಕೊಂಡು ನನ್ನ ಎದುರಿಗೇ ಓಡಾಡಿದರು. ನನ್ನ ಗಂಟಲಲ್ಲಿ ಕೋಳಿ ಇಳಿಯಲಿಲ್ಲ, ಭಾವನ ಗಂಟಲಲ್ಲಿ ನಿಲ್ಲಲಿಲ್ಲ. ಕೊನೆಗೆ ಅವರು ಪಾಕೀಟು ತೆಗೆದಾಗ ಇರ್ಫಾನ್ ಭಾಯಿ, "ನಿಮ್ಮ ಭಾವನೋರಿಂದ ನಾವು ತಗೊಳ್ಳುದಿಲ್ಲ. ಅವರು ಇಲ್ಲಿ ಮನೆಯವರ ಹಾಗೆ" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಭಾವ ನನ್ನನ್ನು ನೋಡಿದ ನೋಟದಲ್ಲಿ ಮೊದಲ ಬಾರಿಗೆ ಗೌರವವಿತ್ತು. ಸುಜಾತಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಭಾವ ಮುಂಬಯಿಗೆ ಹೋದವರು ಕೃತಜ್ಞತೆಯಿಂದ ಆ ಜಾಗವನ್ನು ಮೊಬೈಲಿನ ಮ್ಯಾಪಿಗೆ ಏರಿಸಿದರು. ಐದು ನಕ್ಷತ್ರ, ಹನ್ನೆರಡು ಫೋಟೋ. ಹೋಟೆಲಿಗೆ ಹೆಸರಿಲ್ಲವಲ್ಲ, ಹಾಗಾಗಿ ಅವರೇ ಪ್ರೀತಿಯಿಂದ 'ಭಾವ ಬಾರ್ಬೆಕ್ಯೂ' ಎಂದು ಇಟ್ಟರು. ಫೋನ್ ನಂಬರೂ ಇರಲಿಲ್ಲ, ನನ್ನದನ್ನು ಹಾಕಿದರು. ಈಗ ಗಿರಾಕಿಗೆ ಅಕ್ಷರ ಓದಿಸುತ್ತಿರುವಾಗಲೇ ಫೋನು ಬರುತ್ತದೆ, ಟೇಬಲ್ ಇದೆಯಾ ಎಂದು. ಇರ್ಫಾನ್ ಭಾಯಿ ದುಬೈಗೆ ವಾಪಸು ಹೋಗಿ ಗೇಟಿಗೆ ಬೀಗ ಬಿದ್ದಿದೆ. ಅದು ಮನೆ ಎಂದು ಹೇಳಿದರೆ ಮಾತು ಸುತ್ತಿ ಮುಂಬಯಿ ತಲುಪುತ್ತದೆ. ಆದ್ದರಿಂದ, "ಈ ವಾರ ಪೂರ್ತಿ ಬುಕ್ ಆಗಿದೆ" ಎನ್ನುತ್ತೇನೆ. ಹಾಗೆ ಹೇಳಿ ಹೇಳಿ ಅದರ ಕೀರ್ತಿ ಇನ್ನೂ ಹೆಚ್ಚಿದೆ.

ನಿನ್ನೆ ಭಾವ ಫೋನು ಮಾಡಿದ್ದರು. "ಅಲ್ಲಿ ಈಗ ಯಾರಿಗೂ ಜಾಗವೇ ಸಿಗೋದಿಲ್ವಂತೆ! ನಮ್ಮ ಆಫೀಸಿನವರಿಗೆಲ್ಲ ಹೇಳಿದ್ದೇನೆ, ನಮ್ಮ ಭಾವ ಒಂದು ಮಾತು ಹೇಳಿದರೆ ಸಾಕು ಅಂತ. ಮುಂದಿನ ತಿಂಗಳು ಎಲ್ಲರೂ ಬರೋಣ ಅಂತಿದ್ದೇವೆ. ಆಗ್ತದಲ್ಲ?"

ಸುಜಾತಾ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಇಲ್ಲ ಭಾವ, ಅದು ಹೋಟೆಲಲ್ಲ ಎನ್ನಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಉಸಿರು ಎಳೆದುಕೊಂಡೆ, ಬಾಯಿ ತೆರೆದೆ.

"ಒಟ್ಟು ಎಷ್ಟು ಜನ ಭಾವ?" ಎಂದೆ.