ಕೆರೆಯ ನಡುವೆ ನಿಂತ ಉಷ್ಣಶಾಸ್ತ್ರ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಉಷ್ಣಶಾಸ್ತ್ರ ಕಲಿಸಿದವಳು ಇರುವ ಮನೆಯಲ್ಲಿ ಇನ್ನು ಮುಂದೆ ಒಂದೇ ಒಂದು ಸ್ಪೀಡ್ ಕಂಟ್ರೋಲರ್ ಸುಡಕೂಡದು!

ಹೀಗೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಕೇಳುವವರು ಇಬ್ಬರಿದ್ದರು. ಒಬ್ಬರು ನನ್ನ ಗಂಡ ಚಾಂದಸಾಬರು. ಇನ್ನೊಬ್ಬರು ರಾಣೆಬೆನ್ನೂರಿನ ಅರ್ಧದಷ್ಟು ಪಂಪ್‌ಸೆಟ್ಟುಗಳ ಮೋಟಾರು ಸುತ್ತಿಕೊಟ್ಟ ಬುಡನಸಾಬರು. ಇಬ್ಬರೂ ಚಹಾ ಕುಡಿಯುತ್ತಿದ್ದರು. ನನ್ನ ಘೋಷಣೆಯ ನಂತರವೂ ಕುಡಿಯುತ್ತಲೇ ಇದ್ದರು. ಅದನ್ನು ಆಗಲೇ ಗಮನಿಸಬೇಕಿತ್ತು.

ಚಾಂದಸಾಬರು ಬ್ಯಾಡಗಿಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಅಂಗಡಿಯನ್ನು ತಮ್ಮನಿಗೆ ವಹಿಸಿದ ಮರುವಾರವೇ ರಿಮೋಟಿನಲ್ಲಿ ಓಡುವ ಆಟದ ದೋಣಿಗಳ ಚಟ ಹತ್ತಿಸಿಕೊಂಡರು. 'ಆಟದ' ಎಂದರೆ ಅವರಿಗೆ ಸಿಟ್ಟು. 'ಮಾದರಿ ದೋಣಿ' ಎನ್ನಬೇಕು. ಮೊದಲ ದೋಣಿಗೆ 'ಡಬ್ಬಿ' ಎಂದು ಹೆಸರಿಟ್ಟರು, ಎರಡನೆಯದಕ್ಕೆ 'ಕಡ್ಡಿ'. ಎರಡೂ ಮೆಣಸಿನಕಾಯಿಯ ತಳಿಗಳು. ಎರಡಕ್ಕೂ ಬಣ್ಣ ಕೆಂಪು.

ನಮ್ಮ ಮನೆಯಲ್ಲಿ ಪ್ರೀತಿಯ ಮಾತು ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಈ ಬರಹದಲ್ಲಿ ಉರ್ದು ಕಾಣದಿದ್ದರೆ ಓದುಗರು ಅರ್ಥ ಮಾಡಿಕೊಳ್ಳಬೇಕು.

ಸ್ಪೀಡ್ ಕಂಟ್ರೋಲರ್ ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನ. ಬ್ಯಾಟರಿಗೂ ಮೋಟಾರಿಗೂ ನಡುವೆ ಕುಳಿತು, ರಿಮೋಟು ಹೇಳಿದಷ್ಟು ವಿದ್ಯುತ್ತನ್ನು ಹಾಯಿಸುವುದು ಅದರ ಕೆಲಸ. ಸ್ವಭಾವದಲ್ಲಿ ಅದು ಹಿರಿಯ ಅಧಿಕಾರಿಯಂತೆ. ಮೇಲೆ ನೀರು ಬಿದ್ದರೆ ಸಾಯುತ್ತದೆ. ಕೆಲಸ ಹೆಚ್ಚಾದರೆ ಬಿಸಿಯಾಗುತ್ತದೆ. ತೀರಾ ಬಿಸಿಯಾದರೆ ಕೈಚೆಲ್ಲಿ ಕುಳಿತುಬಿಡುತ್ತದೆ. ಆದ್ದರಿಂದ ಅದಕ್ಕೆ ನೀರು ತಾಗಬಾರದು, ಅದರ ಬಿಸಿ ಹೊರಗೆ ಹೋಗುತ್ತಲೂ ಇರಬೇಕು.

ಚಾಂದಸಾಬರು ಮೊದಲನೆಯದನ್ನು ಬಲೂನಿನಲ್ಲಿ ತುಂಬಿದರು. ಸತ್ತಿತು. ಎರಡನೆಯದಕ್ಕೆ ವ್ಯಾಸಲೀನ್ ಮೆತ್ತಿದರು. ಸತ್ತಿತು. ಮೂರನೆಯದನ್ನು ಉಪ್ಪಿನಕಾಯಿಯ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಬ್ಬರ್ ಬ್ಯಾಂಡ್ ಹಾಕಿದರು. ಅದು ಸಾಯುವ ಮೊದಲು ವಾಸನೆಯನ್ನೂ ಬಿಟ್ಟಿತು. ಮೂರೂ ಸಲ ದೋಣಿ ನಮ್ಮೂರ ಕೆರೆಯ ನಟ್ಟನಡುವೆ ನಿಂತಿತು. ಮೂರೂ ಸಲ ಮೀನುಗಾರ ಮೈಲಪ್ಪ ಬಲೆ ಬಿಟ್ಟು ಹರಿಗೋಲು ಹಾಕಿ ಅದನ್ನು ಎಳೆದು ತಂದ. ನಾಲ್ಕನೆಯ ಸಲಕ್ಕೆ ಕಾಯದೆ ಕೆರೆ ಸಮಿತಿಗೆ ದೂರು ಕೊಟ್ಟ.

"ಈ ವರ್ಷ ಚಾಂದಸಾಬರ ದೋಣಿ ಹಿಡದಷ್ಟು ನಾ ಮೀನs ಹಿಡದಿಲ್ಲರಿ!"

ಸಮಿತಿಯ ಅಧ್ಯಕ್ಷರು ಪ್ರಭುಲಿಂಗಪ್ಪನವರು. ಅವರಿಗೂ ಕೆರೆಯೊಂದಿಗೆ ಹಳೆಯ ಮನಸ್ತಾಪ. ಹಿಂದಿನ ಸಲ ಕೆರೆ ತುಂಬಿದಾಗ ಬಾಗಿನ ಬಿಡಲು ಹರಿಗೋಲು ಹತ್ತಿದವರು ಅದು ವಾಲಿ ಸೊಂಟದ ತನಕ ನೆನೆದಿದ್ದರು. ಆ ವಿಡಿಯೋ ಹಾವೇರಿ ಜಿಲ್ಲೆಯ ಎಲ್ಲ ಫೋನುಗಳಿಗೂ ತಲುಪಿತ್ತು. ಈ ಸಲ ಕೆರೆ ಮತ್ತೆ ತುಂಬಿದಾಗ ಅವರು ನಮ್ಮ ಮನೆಗೆ ಬಂದು ಕುಳಿತರು.

"ನೋಡ್ರಿ ಚಾಂದಸಾಬರ, ಈ ಸರ್ತಿ ಹೈಟೆಕ್ ಬಾಗಿನ. ನಾ ದಂಡಿ ಮ್ಯಾಲ ನಿಂದ್ರತೇನಿ. ಬಾಗಿನದ ಮರ ನಿಮ್ಮ ದೋಣಿ ಒಯ್ಯಲಿ. ಆದ್ರ ಅದು ತಾನs ಹೋಗಬೇಕು, ತಾನs ತಿರುಗಿ ಬರಬೇಕು. ಬಂತಂದ್ರ ಪ್ರತಿ ರವಿವಾರ ಮುಂಜಾನೆ ಒಂದು ತಾಸು ಕೆರಿ ನಿಮ್ಮದು, ಪರವಾನಗಿ ಬರದು ಕೊಡತೇನಿ. ಮೈಲಪ್ಪ ಎಳಕೊಂಡು ಬರೂ ಹಂಗಾದ್ರ, ಮುಂದ ನಿಮ್ಮ ದೋಣಿ ನಿಮ್ಮ ಮಾಳಗಿ ಮ್ಯಾಲಿನ ನೀರಿನ ಟಾಕಿಯೊಳಗ ಬಿಡ್ರಿ."

ಅವರು ಹೋದ ಮೇಲೆ ಚಾಂದಸಾಬರ ಮುಖ ಹೇಗಿತ್ತೆಂದು ವರ್ಣಿಸುವುದಿಲ್ಲ. ವರ್ಣನೆ ನನ್ನ ವಿಷಯವಲ್ಲ. ಅವರು ಒಂದು ಇಡೀ ದಿನ ಯಾವುದಕ್ಕೂ ಚೌಕಾಸಿ ಮಾಡಲಿಲ್ಲ ಎಂದಷ್ಟೇ ಹೇಳುತ್ತೇನೆ. ನಾನು ರಂಗಕ್ಕಿಳಿದದ್ದು ಆಗ.

ನನ್ನ ವಿಧಾನ ಸರಳ, ಗಂಭೀರ, ದೋಷರಹಿತ. ಹೊಸ ಕಂಟ್ರೋಲರನ್ನು ಸೋಪಿನ ಡಬ್ಬಿಯಲ್ಲಿಟ್ಟು, ಎರಡು ಟ್ಯೂಬುಗಳ ಅಂಟನ್ನು ಕಲಸಿ, ನಾಲ್ಕೂ ಕಡೆಯಿಂದ ಬೆರಳು ದಪ್ಪ ಎರೆದೆ. ಅಂಟು ಗಟ್ಟಿಯಾದ ಮೇಲೆ ಅದರ ನೆತ್ತಿಗೆ, ಹಳೆಯ ಆಂಪ್ಲಿಫಯರಿನಿಂದ ಬಿಚ್ಚಿದ ಅಲ್ಯೂಮಿನಿಯಂ ಹೀಟ್ ಸಿಂಕ್ ಕೂರಿಸಿದೆ. ಬಿಸಿಯನ್ನು ಹೀರಿ ಗಾಳಿಗೆ ಬಿಡುವ ರೆಕ್ಕೆಗಳ ತಗಡು ಅದು. ನೋಡಲು ಕಿರೀಟದಂತಿತ್ತು!

ಬುಡನಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಕ್ಕೋರ, ತಗಡು ಮದ್ಲ ಕಂಟ್ರೋಲರಿನ ಚಿಪ್ಪಿಗೆ ಹತ್ತಿಸಿ, ಆಮ್ಯಾಲೆ ಸುತ್ತ ಅಂಟು ಹಾಕಬೇಕಿತ್ತೇನೋರಿ. ಈಗ ಬಿಸಿ ತಗಡಿಗೆ ಹೆಂಗ ಮುಟ್ಟಬೇಕು? ನಡುವ ಗ್ವಾಡಿ ಕಟ್ಟೀರಲ್ಲ."

"ತಗಡಿನ ಸಂದಿಯಿಂದ ನೀರು ಹೋಗತೈತಿ, ಬುಡನಸಾಬ."

"ಹಂಗಾರ ಒಂದು ಸಣ್ಣ ತಾಮ್ರದ ನಳಗಿ ಸುತ್ತೂನ್ರಿ. ಕೆರಿ ನೀರು ಒಳಗ ಬಂದು, ಬಿಸಿ ಎತಗೊಂಡು, ಹೊರಗ ಹೋಗತೈತಿ."

"ನೀರು ಹೊರಗಿಡಾಕಂತ ಮೂರು ದಿನದಿಂದ ಒದ್ದಾಡಾಕತ್ತೇನಿ. ಈಗ ನಾನs ಅದನ್ನ ಬಾ ಅಂತ ಕರೀಲಿ?"

"ಕರದ್ರ ಛಲೋ ಇತ್ರಿ."

"ನೀವು ಎಷ್ಟನೇತ್ತ ತನಕ ಓದೀರಿ?"

"ಏಳನೇತ್ತರಿ. ಅದನ್ನ ಎರಡು ಸಲ ಓದೇನ್ರಿ."

ಚರ್ಚೆ ಅಲ್ಲಿಗೆ ಮುಗಿಯಿತು. ಅಂದರೆ, ನಾನು ಮುಗಿಸಿದೆ.

ಪ್ರಯೋಗವಿಲ್ಲದೆ ನಾನು ಏನನ್ನೂ ಒಪ್ಪುವವಳಲ್ಲ. ಬಚ್ಚಲಲ್ಲಿ ಬಕೆಟ್ ತುಂಬಿಸಿ, ಕಂಟ್ರೋಲರನ್ನು ಕಿರೀಟಸಮೇತ ಮುಳುಗಿಸಿ, ಒಂದು ತಾಸು ಮೋಟಾರು ಓಡಿಸಿದೆ. ನೀರು ಒಳಗೆ ಹೋಗಲಿಲ್ಲ. ಬಿಸಿಯೂ ಆಗಲಿಲ್ಲ. ತೆಗೆದು ಕೆನ್ನೆಗೆ ಹಿಡಿದರೆ ಮಣ್ಣಿನ ಹೂಜಿಯಷ್ಟು ತಂಪು!

"ನೋಡ್ರಿ! ಒಂದs ಪರೀಕ್ಷಾದಾಗ ಎರಡೂ ಪಾಸು!"

ಬುಡನಸಾಬರು ಬಕೆಟ್ ನೋಡಿದರು, ನನ್ನನ್ನು ನೋಡಿದರು.

"ಬಕೀಟಿನಾಗ ತಣ್ಣಗೈತ್ರಿ, ಅಕ್ಕೋರ. ದೋಣಿಯೊಳಗ ಬಕೀಟು ಇರೂದಿಲ್ಲಲ್ರಿ?"

ನಾನು ಉತ್ತರಿಸಲಿಲ್ಲ. ಮೂರ್ಖ ಪ್ರಶ್ನೆಗಳಿಗೆ ಮೌನವೇ ಉತ್ತರ ಎಂದು ಮೂವತ್ತನಾಲ್ಕು ಬ್ಯಾಚುಗಳಿಗೆ ತೋರಿಸಿಕೊಟ್ಟವಳು. ಈಗ ಅನ್ನಿಸುತ್ತದೆ, ಆ ಬ್ಯಾಚುಗಳಲ್ಲಿ ಎಷ್ಟು ಜನ ಸರಿಯಾದ ಪ್ರಶ್ನೆ ಕೇಳಿ ಕುಳಿತರೋ!

ಬಾಗಿನದ ದಿನ ದಂಡೆಯ ಮೇಲೆ ಶಾಮಿಯಾನ, ಮೈಕು, ಜನ. ಕಂಟ್ರೋಲರನ್ನು 'ಕಡ್ಡಿ' ದೋಣಿಯೊಳಗೆ ಕೂರಿಸಿ, ಅದರ ಮುಚ್ಚಳಕ್ಕೆ ನಾನೇ ಸುತ್ತಲೂ ಟೇಪು ಹಚ್ಚಿದೆ. ಹನಿ ನೀರೂ ಹೋಗದಂತೆ, ಗಾಳಿಯೂ ಆಡದಂತೆ. ಬೆನ್ನ ಮೇಲೆ ಬಾಗಿನದ ಮೊರ ಕಟ್ಟಿದರು. ಒಂದು ಕಾಯಿ, ಕುಪ್ಪಸದ ಖಣ, ಬಳೆ, ಅರಿಷಿಣ, ಕುಂಕುಮ. ಅಲ್ಲಿಯವರೆಗೆ ಲೆಕ್ಕಾಚಾರ ಸರಿಯಿತ್ತು. ಆಮೇಲೆ ಉಪಾಧ್ಯಕ್ಷರು ತಮ್ಮದೂ ಒಂದು ಕಾಯಿ ಎಂದರು. ಕಾರ್ಯದರ್ಶಿ ಐದು ನಮೂನೆಯ ಹಣ್ಣಿಟ್ಟರು. ಖಜಾಂಚಿ ಹಿತ್ತಾಳೆಯ ದೀಪದ ಸಮೆ ಇಟ್ಟರು. ಕೊನೆಗೆ ಪ್ರಭುಲಿಂಗಪ್ಪನವರು ಕಟ್ಟಿಗೆಯ ಕಟ್ಟು ಹಾಕಿದ ತಮ್ಮ ಫೋಟೋವನ್ನು ಮುಂಭಾಗದಲ್ಲಿ ನಿಲ್ಲಿಸಿದರು.

"ಅಧ್ಯಕ್ಷರs, ದೋಣಿಗೆ ಭಾರ ಆಕ್ಕೈತಿ," ಎಂದರು ಚಾಂದಸಾಬರು.

"ಫೋಟೋದಾಗ ಏನ್ ಭಾರ ಐತ್ರಿ? ಕಟ್ಟಿಗಿ ಅಷ್ಟ."

ನಂತರ ಭಾಷಣ. ನಲವತ್ತು ನಿಮಿಷ ಅವರು ವಿಜ್ಞಾನದ ಮಹತ್ವ ಕುರಿತು ಮಾತಾಡಿದರು. ಅಷ್ಟೂ ಹೊತ್ತು ಕಡ್ಡಿ ಬಿಸಿಲಲ್ಲಿ ಕಾದಿತು. ಬುಡನಸಾಬರು ಅದರ ಮೇಲೆ ಕೊಡೆ ಹಿಡಿಯಲು ಬಂದರು. ಬೇಡವೆಂದೆ. ವಿಜ್ಞಾನಕ್ಕೆ ಕೊಡೆಯ ನೆರಳು ಬೇಕೆ?

ಕಡ್ಡಿ ಹೊರಟಿತು. ಏನು ಓಟ! ನೀರನ್ನು ಸೀಳುತ್ತಾ, ಅಧ್ಯಕ್ಷರ ನಗುಮುಖವನ್ನು ಹೊತ್ತು, ನೇರವಾಗಿ ನಡುಗೆರೆಗೆ. ಜನ ಚಪ್ಪಾಳೆ ತಟ್ಟಿದರು. ನಾನು ತಲೆಯನ್ನು ತುಸುವೇ ಬಾಗಿಸಿ ಸ್ವೀಕರಿಸಿದೆ. ಆರನೆಯ ನಿಮಿಷಕ್ಕೆ ಕಡ್ಡಿ ನಿಂತಿತು.

ಚಾಂದಸಾಬರು ರಿಮೋಟಿನ ಕೀಲಿ ಒತ್ತಿದರು, ಬಿಟ್ಟರು, ಒತ್ತಿದರು.

"ಬೇಗಂ, ಏನಾತಿದು?"

"ಏನೂ ಆಗಿಲ್ಲ. ಬಿಸಿ ಆಗೇತಿ. ತನ್ನ ರಕ್ಷಣಾಕ್ಕ ತಾನs ಬಂದ್ ಆಗೇತಿ. ತಣ್ಣಗಾದ್ರ ಶುರು ಆಕ್ಕೈತಿ."

"ಯಾವಾಗ ತಣ್ಣಗಾಕ್ಕೈತಿ?"

ಬಾಯಿಲೆಕ್ಕ ಹಾಕಿದೆ. ಬೆರಳು ದಪ್ಪ ಅಂಟು, ಮೇಲೆ ಮುಚ್ಚಳ, ಮುಚ್ಚಳಕ್ಕೆ ಟೇಪು. ಚಳಿಗಾಲದಲ್ಲಿ ಮಗುವಿಗೆ ಮೂರು ಕೌದಿ ಹೊದೆಸಿದಂತೆ ಹೊದೆಸಿದ್ದೆ. ಹೊರಗಿನ ನೀರು ಒಳಗೆ ಬಾರದಂತೆ ಮಾಡಿದ ಏರ್ಪಾಡೇ ಒಳಗಿನ ಬಿಸಿಯನ್ನೂ ಕೈದು ಮಾಡಿತ್ತು. ಬಚ್ಚಲಿನಲ್ಲಿ ಅದನ್ನು ತಂಪಾಗಿಟ್ಟದ್ದು ನನ್ನ ಕಿರೀಟವಲ್ಲ, ಬಕೆಟ್ಟಿನ ನೀರು! ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುವವನಿಗೂ ಹೊಳೆಯುವ ಸಂಗತಿ.

"ಸಂಜಿ ಆಗಬಹುದು," ಎಂದೆ.

ಪ್ರಭುಲಿಂಗಪ್ಪನವರು ಮೈಕು ಕೆಳಗಿಟ್ಟರು. "ಅಕ್ಕೋರ, ನನ್ನ ಫೋಟೋ ಅಲ್ಲಿ ನಿಂತೈತಿ. ಜನ ವಿಡಿಯೋ ಮಾಡಾಕತ್ತಾರ. ಮೈಲಪ್ಪನ್ನ ಕಳಸ್ರಿ ಲಗೂನ!"

"ಬ್ಯಾಡ್ರಿ!" ಎಂದರು ಚಾಂದಸಾಬರು. ಮೈಲಪ್ಪ ಎಳೆದು ತಂದರೆ ಪರವಾನಗಿ ಮುಳುಗಿದಂತೆ. ಎಪ್ಪತ್ತೊಂದರ ಮನುಷ್ಯ ರವಿವಾರ ಮುಂಜಾನೆ ಮಾಳಿಗೆ ಹತ್ತಿ ಟಾಕಿಯೊಳಗೆ ದೋಣಿ ಬಿಡುವ ದೃಶ್ಯ ನನಗೂ ಕಂಡಿತು. ಕೆರೆಯನ್ನು ಅವರಿಂದ ಕಸಿದದ್ದು ಅವರ ಬಲೂನಲ್ಲ, ನನ್ನ ಡಾಕ್ಟರೇಟು!

ಮೈಲಪ್ಪ ಆಗಲೇ ಅರ್ಧ ದಾರಿ ಹೋಗಿದ್ದ. ಕಡ್ಡಿಯ ಬಳಿ ಹರಿಗೋಲು ನಿಲ್ಲಿಸಿ, ಮುಚ್ಚಳಕ್ಕೆ ಕೈ ತಾಗಿಸಿ, ಕೂಡಲೇ ಹಿಂದೆ ಎಳೆದ.

"ಅಕ್ಕೋರ! ಇದಕ್ಕ ಜ್ವರ ಬಂದೈತ್ರಿ!"

ಯಾರೂ ಏನೂ ಹೇಳುವ ಮೊದಲೇ ನಾನು ಶ್ರಮಪಟ್ಟು ಹಚ್ಚಿದ ಟೇಪನ್ನು ಕಿತ್ತೆಸೆದು, ಮೊರದ ಕಟ್ಟು ಸಡಿಲಿಸಿ ಮುಚ್ಚಳ ಓರೆ ಮಾಡಿ, ಹರಿಗೋಲಿನ ಡಬ್ಬಿಯಿಂದ ಕೆರೆಯ ನೀರನ್ನು ದೋಣಿಯ ಹೊಟ್ಟೆಗೆ ಸುರಿದ. ಒಂದು ಡಬ್ಬಿ, ಎರಡು, ನಾಲ್ಕು. ಕಡ್ಡಿ ಎಮ್ಮೆಯಂತೆ ಕುತ್ತಿಗೆಯ ತನಕ ನೀರಿನಲ್ಲಿ ಇಳಿಯಿತು. ಐದು ನಿಮಿಷ ಏನೂ ಆಗಲಿಲ್ಲ. ಚಾಂದಸಾಬರು ಮಾತ್ರ ಕೀಲಿ ಒತ್ತುವುದನ್ನು ಬಿಟ್ಟಿರಲಿಲ್ಲ.

ಒಮ್ಮೆಲೇ ಮೋಟಾರು ಗುಡುಗಿತು! ಕಡ್ಡಿ ಜಿಗಿಯಿತು! ಜಿಗಿದ ರಭಸಕ್ಕೆ ಮೊರ ಜಾರಿ, ಕಾಯಿ, ಖಣ, ಹಣ್ಣು, ಸಮೆಸಹಿತ ನಟ್ಟನಡುವೆ, ಆಳವಿರುವ ಜಾಗದಲ್ಲಿಯೇ ಮುಳುಗಿತು. ಬಾಗಿನ ಸಂದಿತು! ಹೆಂಗಸರು ಕೈ ಮುಗಿದರು. ಫೋಟೋ ಮಾತ್ರ ಮುಳುಗಲಿಲ್ಲ; ಆಕಾಶ ನೋಡುತ್ತಾ ತೇಲಿ ಮೈಲಪ್ಪನ ಬಲೆಗೆ ಬಿತ್ತು. ಹೊಟ್ಟೆ ತುಂಬ ನೀರು ಹೊತ್ತ ಕಡ್ಡಿ ಬಸುರಿಯಂತೆ ನಿಧಾನವಾಗಿ ನಡೆದು, ತಾನೇ ದಂಡೆಗೆ ಬಂದು ನಿಂತಿತು.

ಒಂದು ಸಂಗತಿ ದಾಖಲಾಗಲಿ: ಕಂಟ್ರೋಲರಿನ ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಮೈಲಪ್ಪ ಎಳಕೊಂಡು ಬಂದಿಲ್ಲರಿ," ಎಂದು ಬುಡನಸಾಬರು ಅಧ್ಯಕ್ಷರಿಗೆ ವಾದ ಮಂಡಿಸಿದರು. "ನೀರು ಕುಡಿಸ್ಯಾನ ಅಷ್ಟ. ಬಂದದ್ದು ಅದು ತಾನs."

ಅಧ್ಯಕ್ಷರು ಒಪ್ಪಿದರು. ಈ ಸಲ ಒಣ ಪಂಚೆಯಲ್ಲೇ ಮನೆಗೆ ಹೋಗುತ್ತಿದ್ದ ಸಂತೋಷ ಅವರಿಗೆ.

ಮರುವಾರ ಚಾಂದಸಾಬರು ಪರವಾನಗಿಯ ಪತ್ರವನ್ನು ನನ್ನ ಮುಂದಿಟ್ಟರು. ಟೈಪು ಮಾಡಿದ ನಾಲ್ಕು ಸಾಲು, ಸಮಿತಿಯ ಮುದ್ರೆ. ಅದರ ಕೆಳಗೆ ಕೈಬರಹದಲ್ಲಿ ಒಂದು ವಿಶೇಷ ಷರತ್ತು: 'ಸದರಿ ದೋಣಿಯ ಯಂತ್ರಭಾಗಗಳನ್ನು ಅರ್ಜಿದಾರರ ಪತ್ನಿಯು ಯಾವುದೇ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಒಪ್ಪಿ ಸಹಿ ಮಾಡಿದ ನಂತರವೇ ಪರವಾನಗಿ ಚಾಲ್ತಿ.'

"ಇದು ಪ್ರಭುಲಿಂಗಪ್ಪನವರ ಅಕ್ಷರ ಅಲ್ಲ," ಎಂದೆ. "ನಿಮ್ಮದು."

"ಹೌದು. ಅವರಿಗೆ ಹೊಳೀಲಿಲ್ಲ. ಅವರನ್ನ ಕೇಳಿ ನಾನs ಬರದೆ."

ವ್ಯಾಕರಣದ ತಪ್ಪಾದರೂ ಸಿಕ್ಕೀತೇ ಎಂದು ಎರಡು ಸಲ ಓದಿದೆ. ಇರಲಿಲ್ಲ. ಪೆನ್ನು ತೆಗೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ, ಬರೀ 'ಮುಸರತ' ಎಂದು ಸಹಿ ಮಾಡಿದೆ.

ಚಾಂದಸಾಬರು ಕನ್ನಡಕ ಏರಿಸಿ ನೋಡಿ, ಪತ್ರವನ್ನು ನನ್ನ ಕಡೆಗೆ ತಳ್ಳಿದರು.

"ಹೆಸರಿನ ಮುಂದ 'ಡಾಕ್ಟರ್' ಅಂತ ಹಾಕ್ರಿ ಬೇಗಂ. ಇಲ್ಲಾಂದ್ರ ನಾಳೆ, 'ಮುಟ್ಟಬ್ಯಾಡ ಅಂದದ್ದು ಹೆಂಡತಿಗೆ, ಡಾಕ್ಟರಿಗಲ್ಲ' ಅಂತ ಅಂಟು ಕಲಸಾಕ ಕುಂದ್ರತೀರಿ!"