ಸಾಲ್ವಡಾರ್‌ನಲ್ಲಿ ಅತ್ತೆಯ ವಡೆ

ಅತ್ತೆಯ ಜೊತೆ ಎಲ್ಲಿಗೆ ಹೊರಟರೂ ಏನಾದರೊಂದು ಆಗಿಯೇ ಆಗುತ್ತದೆ. ಇಂಡಿಯನ್ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸ್‌ಗೆ ಬೇಳೆ ತರಲು ಹೋದರೂ ವಾರವಿಡೀ ನಗುವಷ್ಟು ಸರಕು ಸಿಗುತ್ತದೆ. ಇನ್ನು ಬ್ರೆಜಿಲ್‌ನ ಹಳೇ ಕಡಲತೀರದ ಊರು ಸಾಲ್ವಡಾರ್‌ಗೆ ಕರೆದುಕೊಂಡು ಹೋದರೆ ಕೇಳಬೇಕೆ!

ಸೂಟ್‌ಕೇಸು

ನಾವಿರುವ ಪಾರ್ಸಿಪನಿಯಲ್ಲಿ ಹಿಮ ಸುರಿಯುತ್ತಿತ್ತು. ನಾನೂ ಮಗಳೂ ಬೀಚ್ ಅಂತ ಕುಣಿಯುತ್ತಿದ್ದೆವು. ಏರ್‌ಪೋರ್ಟಿನಲ್ಲಿ ನೋಡಿದರೆ ಸೂಟ್‌ಕೇಸಿನ ತೂಕ ಜಾಸ್ತಿ. ಒಳಗೆ ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ. ಅತ್ತೆ ಅಪ್ಪಟ ಸಸ್ಯಾಹಾರಿ.

"ಏನಾದ್ರೂ ತೆಗೀಲೇಬೇಕು ಅತ್ತೆ" ಅಂದೆ.

ಅತ್ತೆ ತಕ್ಷಣ ನನ್ನ ಹೊಸ ಚಪ್ಪಲಿ ತೆಗೆದು ಕೈಗಿತ್ತರು. "ಮರಳಲ್ಲಿ ಬರಿಗಾಲಲ್ಲಿ ನಡೀಬೇಕಮ್ಮ, ಆರೋಗ್ಯಕ್ಕೆ ಒಳ್ಳೇದು."

ಲಿಫ್ಟು

ಆ ಊರು ಗುಡ್ಡದ ಮೇಲೆ ಅರ್ಧ, ಕೆಳಗೆ ಅರ್ಧ. ನಡುವೆ ಓಡಾಡಲು ಲಿಫ್ಟು! "ಊರಿಗೇ ಲಿಫ್ಟ್ ಹಾಕಿದಾರಲ್ಲೇ!" ಎಂದು ಅತ್ತೆ ಹಿಗ್ಗಿಹೋದರು. ಇಳಿದ ಮೇಲೆ ಮತ್ತೆ ಹತ್ತೋಣ ಅಂದರು, ಹತ್ತಿದ ಮೇಲೆ ಇಳಿಯೋಣ ಅಂದರು.

ಮಗಳಿಗೆ ಸಾಕಾಯಿತು. "ಅಜ್ಜಿ, ಇಟ್ಸ್ ಜಸ್ಟ್ ಆನ್ ಎಲಿವೇಟರ್!"

"ನಮ್ಮನೆ ಲಿಫ್ಟಿನ ಬಾಗಿಲು ತೆಗೆದ್ರೆ ಕಸದ ಡಬ್ಬ ಕಾಣುತ್ತೆ. ಇಲ್ಲಿ ಸಮುದ್ರ ಕಾಣುತ್ತಲ್ಲೇ!"

ವಡೆ

ದಿನಾ ಅವಲಕ್ಕಿ ತಿಂದು ಅತ್ತೆಯ ನಾಲಿಗೆ ಕೆಟ್ಟಿತ್ತು. ಬಿಸಿಬಿಸಿ ಏನಾದರೂ ಸಿಕ್ಕರೆ ಸಾಕಿತ್ತು. ಹಳೇ ಊರಿನ ಬಣ್ಣದ ಮನೆಗಳ ನಡುವೆ ಬಿಳಿ ಲಂಗದ ಹೆಂಗಸೊಬ್ಬಳು ಕಾದ ಕೆಂಪು ತಾಳೆಎಣ್ಣೆಗೆ ಹಿಟ್ಟು ಬಿಡುತ್ತಿದ್ದಳು. ಅತ್ತೆ ಬಗ್ಗಿ ನೋಡಿದವರೇ ಕೂಗಿದರು: "ಅಲಸಂದೆ ವಡೆ ಕಣೇ!"

ಮಗಳು ಫೋನಿನ ಅನುವಾದದಲ್ಲಿ ವಿಚಾರಿಸಿದಳು. "ಯೆಸ್ ಅಜ್ಜಿ, ಜಸ್ಟ್ ಬೀನ್ಸ್ ಅಂಡ್ ಆನಿಯನ್!" ಅತ್ತೆಯ ಕಣ್ಣಲ್ಲಿ ನೀರೇ ಬಂತು. ನನಗೂ ಖುಷಿಯೋ ಖುಷಿ.

ಅಷ್ಟರಲ್ಲಿ ಆ ಹೆಂಗಸು ವಡೆ ಸೀಳಿ, ಒಳಗೆ ಒಣಸೀಗಡಿ ತುಂಬಿ ಕೊಟ್ಟಳು. ಸೀಗಡಿ ಬೇಡವೆಂದು ಮಗಳು ಫೋನು ತೋರಿಸಿದಳು. ಅವಳು ನಗುತ್ತಾ ತಲೆಯಾಡಿಸಿದಳು. ಆದರೆ ರೂಢಿಯ ಕೈ, ಮುಂದಿನದಕ್ಕೂ ತುಂಬಿಬಿಟ್ಟಿತು. ಎರಡೂ ಮಗಳ ಹೊಟ್ಟೆ ಸೇರಿದವು. ಅತ್ತೆ ಕಂಡೂ ಕಾಣದವರಂತೆ ಆ ಕಡೆ ತಿರುಗಿದರು.

ನನಗೆ ಪಾಪ ಅನ್ನಿಸಿತು. "ಬನ್ನಿ ಅತ್ತೆ, ರೂಮಲ್ಲಿ ಅವಲಕ್ಕಿ ಇದೆ."

"ನಿನ್ನ ಅವಲಕ್ಕಿ ನೀನೇ ತಿನ್ನು!" ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಣಲೆಯ ಹತ್ತಿರ ಹೋದರು. ಕೈಸನ್ನೆಯಲ್ಲೇ ಹಿಟ್ಟು ಕೇಳಿ, ಒದ್ದೆ ಅಂಗೈಯಲ್ಲಿ ತಟ್ಟಿ, ನಡುವೆ ತೂತು ಮಾಡಿ ಎಣ್ಣೆಗೆ ಬಿಟ್ಟರು. ಸಾಲಿನಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ವಡೆ ಬೆಂದಿತು. ಆ ಹೆಂಗಸು ಅದನ್ನೆತ್ತಿ, ಸೀಗಡಿಯ ಚಮಚ ಹಿಡಿದು, ವಡೆಯನ್ನು ಹಿಂದೆ ಮುಂದೆ ತಿರುಗಿಸಿ ತಬ್ಬಿಬ್ಬಾದಳು. ಫೋನಿಗೆ ಏನೋ ಹೇಳಿದಳು.

ಮಗಳು ಓದಿದಳು: "ಅಜ್ಜಿ, ತೂತಿದ್ರೆ ತುಂಬೋದೆಲ್ಲಿ ಅಂತ ಕೇಳ್ತಿದಾರೆ."

ಅತ್ತೆ ವಡೆ ಕಿತ್ತುಕೊಂಡು ಒಂದು ಕಚ್ಚು ಕಚ್ಚಿದರು.

"ಅದಕ್ಕೇ ಕಣಮ್ಮ ತೂತು ಮಾಡಿದ್ದು!"