ಬೀಗರೂಟಕ್ಕೆ ನಾನು ಕಟ್ಟಿದ ಮೈಕು

ಪಾಂಡವಪುರದಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ನನಗೇ ಮೈಕ್‌ಸೆಟ್ಟಿನವನು ಬುದ್ಧಿ ಹೇಳಿದರೆ ಮೈ ಉರಿಯುವುದಿಲ್ಲವೇ? ಮಗಳ ಮದುವೆಯ ಬೀಗರೂಟಕ್ಕೆ ಮೂರು ಮೈಕು ಬೇಕಿತ್ತು: ಬಾಗಿಲಲ್ಲಿ ಸ್ವಾಗತಕ್ಕೆ, ಬೀಗರನ್ನು ಆಡಿಕೊಂಡು ಹಾಡುವ ಹೆಂಗಸರಿಗೆ, ಮುಂದಿನ ಪಂಕ್ತಿ ಕರೆಯಲು ಅಡುಗೆಯವನಿಗೆ. ಧ್ವನಿಪೆಟ್ಟಿಗೆಗೆ ಮೈಕು ಚುಚ್ಚಲು ಇದ್ದದ್ದು ಒಂದೇ ತೂತು. ಮೂರನ್ನೂ ಸೇರಿಸಲು ಮಿಕ್ಸರ್ ಬೇಕು ಎಂದ ಅವನು.

"ನಿನ್ ಮಿಕ್ಸರ್ ನೀನೇ ಮಡಿಕ್ಕೊ, ನಡಿಯಲಾ," ಎಂದು ಓಡಿಸಿದೆ.

ನನ್ನಲ್ಲಿ ಮಲ್ಟಿಪ್ಲೆಕ್ಸರ್ ಎಂಬ ಚಿಪ್ಪಿತ್ತು. ಅದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನಮ್ಮ ನಾಲೆಯ ನೀರಗಂಟಿ ಇದ್ದ ಹಾಗೆ. ಹಲವು ಮೈಕುಗಳಲ್ಲಿ ಒಂದರ ದನಿಯನ್ನು ಮಾತ್ರ ಪೆಟ್ಟಿಗೆಗೆ ಹರಿಯಬಿಟ್ಟು ಉಳಿದವನ್ನು ಕಟ್ಟುತ್ತದೆ. ತಿರುಗಿಸಿ ಹಾಕಿದರೆ ಅದೇ ಡಿಮಲ್ಟಿಪ್ಲೆಕ್ಸರ್: ಒಂದು ದನಿಯನ್ನು ಬೇಕಾದ ಕಡೆಗೆ ಕಳಿಸುತ್ತದೆ. ಯಾವ ಮೈಕು ಎಂದು ಅಪ್ಪಣೆ ಕೊಡಲು ಎರಡು ವಯರು. ಕರೆಂಟು ಕೊಟ್ಟರೆ 'ಹೌದು', ಗ್ರೌಂಡ್ ತಂತಿಗೆ ಜೋಡಿಸಿದರೆ 'ಇಲ್ಲ'.

ನಾನು 'ಹೌದು' ಮಾತ್ರ ಜೋಡಿಸಿದೆ. ಸ್ವಿಚ್ ಆಫ್ ಮಾಡಿದರೆ ಅದೇ 'ಇಲ್ಲ' ಎಂದುಕೊಂಡೆ. ಎಲೆಗೆ ಕೈ ಅಡ್ಡ ಹಿಡಿಯದವನಿಗೆ ನಮ್ಮಲ್ಲಿ ಬಡಿಸುತ್ತಲೇ ಇರುವುದಿಲ್ಲವೇ? ಈ ದರಿದ್ರ ಚಿಪ್ಪೂ ಅಷ್ಟೇ. ವಯರು ಗಾಳಿಯಲ್ಲಿ ನೇತಾಡಿದರೆ, ಪಕ್ಕದಲ್ಲಿ ಯಾರೋ ಸುಳಿದರೂ ಅಪ್ಪಣೆಯೆಂದು ತಿಳಿದು ತನಗೆ ತೋಚಿದ ಮೈಕು ಹಿಡಿಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ!

"ಬೀಗ್ರಿಗೆ ಮೂಗಿನ್ ತುದೀಲೇ ಕ್ವಾಪ. ಮಗ್ಳು ನಾಳೆಯಿಂದ ಆ ಮನೇಲಿ ಬಾಳ್ಬೇಕು. ನೀನು ಬಾಯ್ ಬಿಗಿ ಇಡ್ಕೊ," ಎಂದು ಹೆಂಡತಿ ಜಯಮ್ಮ ಮೊದಲೇ ಎಚ್ಚರಿಸಿದ್ದಳು.

ಕೆ.ಆರ್.ಪೇಟೆ ಕಡೆಯ ಬೀಗರು, ಅಂದರೆ ಅಳಿಯನ ಅಪ್ಪ, ತಮ್ಮವರೊಂದಿಗೆ ಬಂದರು, ಕೂತರು. ಹೆಂಗಸರ ಮೈಕು ಹಾಕಿ ಅಡುಗೆ ಕೊಟ್ಟಿಗೆಗೆ ಹೋದೆ. ಅಷ್ಟರಲ್ಲಿ ಬಡಿಸುವವನು ಸುದ್ದಿ ತಂದ. "ಸಾರಿಗೆ ಉಪ್ಪಿಲ್ಲ ಅಂತಾವ್ರೆ ಬೀಗ್ರು."

ನನ್ನ ಪಿತ್ತ ನೆತ್ತಿಗೇರಿತು. "ಉಪ್ಪಿಲ್ವಂತಾ? ಎರಡು ಸಲ ತಲೆಮಾಂಸ ಹಾಕಿಸ್ಕೊಂಡು ಎಲೆ ನೆಕ್ಕಿದ್ಮೇಲೆ ಗೊತ್ತಾಯ್ತಾ ಅವನ್ಗೆ? ಹೊಟ್ಟೆನೋ ರಾಗಿ ತುಂಬೋ ಹಗೇವೋ ಅದು?"

ಅಂಗಳದಲ್ಲಿ ಹಾಡು ನಿಂತಿತು. ಹೊರಗೆ ಯಾರೋ ಬೀಗರನ್ನು ಗಟ್ಟಿಯಾಗಿ ಬಯ್ಯುತ್ತಿದ್ದ. ಸರಿಯಾಗೇ ಬಯ್ಯುತ್ತಿದ್ದಾನೆ ಎನ್ನಿಸಿ ಹುರುಪು ಬಂದು ನಾನೂ ಇನ್ನಷ್ಟು ಸೇರಿಸಿದೆ.

ಜಯಮ್ಮ ಓಡಿ ಬಂದಳು. "ಸಾಕು ನಿಲ್ಸು. ನೀನ್ ಬಯ್ತಿರಾದು ಅಡ್ಗೆಯೋನ್ ಮೈಕಲ್ಲಿ ಊರಿಗೆಲ್ಲ ಕೇಳ್ತಾ ಅದೆ."

ಹೊರಗೆ ಬಂದು ನೋಡಿದರೆ ಬೀಗರು ಅರ್ಧ ಎಲೆಯಲ್ಲಿ ಎದ್ದು ನಿಂತಿದ್ದರು. ಅವರ ಕಡೆಯವರೂ ಒಬ್ಬೊಬ್ಬರಾಗಿ ಏಳುತ್ತಿದ್ದರು. ಅಪ್ಪನ ಬಾಯಿಂದಲೇ ಮಗಳ ಬಾಳು ಕೆಟ್ಟಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಗಂಡನ ಪಕ್ಕದಲ್ಲಿ ಕೂತಿದ್ದ ಮಗಳು ಎದ್ದು ಉಪ್ಪಿನ ಬಟ್ಟಲು ತಂದು ಮಾವನ ಎಲೆಯ ತುದಿಗೆ ಬಡಿಸಿದಳು. "ಕೂತ್ಕಳಿ ಮಾವ. ಸಾರಿಗೆ ಉಪ್ಪಿಲ್ಲ, ನಂಗೂ ಗೊತ್ತಾಯ್ತು. ನಮ್ಮಪ್ಪಂಗೆ ಮೊದ್ಲಿಂದಲೂ ರುಚಿ ಗೊತ್ತಾಗಕಿಲ್ಲ."

ಬೀಗರು ಅವಳ ಮುಖ ನೋಡಿದರು. "ನಿನ್ ಮಾತ್ಗೆ ಕೂರ್ತೀನಿ ಕಣವ್ವ," ಎಂದು ಕೂತರು.

ಹೊರಡುವಾಗ ಮಗಳು ನನ್ನ ಕಾಲಿಗೆ ನಮಸ್ಕರಿಸಿ ಎದ್ದಳು. ಬೀಗರ ಮನೆಗೆ ಬರಿಗೈಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಏನು ತರಲವ್ವ ಎಂದು ಕೇಳಿದೆ.

"ಏನೂ ಬ್ಯಾಡ ಕಣಪ್ಪ. ನಮ್ಮನೆಗೆ ನೀನು ಬರಿಗೈಲೇ ಬಾ," ಎಂದವಳು, ನನ್ನ ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ತಾಯಿಯ ಕೈಗೆ ಕೊಟ್ಟಳು.